ಅಳತೆ ಕೋವಿ

ಮನೆಯಿಂದ ಹೊರಡುವಾಗಲೇ ಗಂಡ ತನ್ನ ಹಳೆಯ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ್ದ. ಇದ್ಯಾಕೆ ಎಂದು ಅವಳು ಕೇಳಿದ್ದಕ್ಕೆ, "ಅಳತೆಗೆ ಕಣೇ. ನಿನ್ನ ಹತ್ರ ಬರೋರು ಹಳೇ ಬಟ್ಟೆ ತಂದು ಇದೇ ಥರ ಹೊಲಿದುಕೊಡಿ ಅನ್ನಲ್ವಾ, ಹಾಗೆ," ಎಂದಿದ್ದ.

ಅವಳಿಗೆ ನಗು ಬಂದಿತ್ತು. ಮೂವತ್ತು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಅಳತೆ ಬಟ್ಟೆಯ ಕಥೆ ಹೇಳಿಕೊಡಬೇಕೆ? ಕಂಕುಳಲ್ಲಿ ಬಿಗಿಯುವ, ಬೆನ್ನಲ್ಲಿ ಉಬ್ಬಿಕೊಳ್ಳುವ ಅಂಗಿಯನ್ನೇ ಹುಡುಕಿ ತರುತ್ತಾರೆ. ಇದು ಸರಿಯಾಗಿದೆಯಾ ಎಂದರೆ, ಅಭ್ಯಾಸವಾಗಿದೆ ಬಿಡಿ ಎನ್ನುತ್ತಾರೆ. ಅವಳೂ ಬೇಸತ್ತು ಅದೇ ತಪ್ಪನ್ನು ಹೊಸ ಬಟ್ಟೆಯಲ್ಲಿ ನೀಟಾಗಿ ಹೊಲಿದುಕೊಡುತ್ತಾಳೆ.

ಕೋವಿ ಮಾಡುವ ಮೇಸ್ತ್ರಿಯ ಕಾರ್ಖಾನೆ ಸೈಕಲ್ ಅಂಗಡಿಯ ಹಿಂಬದಿಯಲ್ಲಿತ್ತು. ಉದ್ದನೆಯ ಒಂದೇ ಕೋಣೆ. ಗೋಡೆಗೆ ಒರಗಿಸಿದ ದಪ್ಪ ಹಲಗೆಗಳ ಮೇಲೆ ಅವು ಒಣಗಲು ಕೂತ ವರ್ಷವನ್ನು ಸೀಮೆಸುಣ್ಣದಲ್ಲಿ ಬರೆದಿತ್ತು. ಕೆಲವು ಹಲಗೆಗಳು ವಯಸ್ಸಿನಲ್ಲಿ ಅವಳ ಮಗಳಿಗಿಂತ ದೊಡ್ಡವು. ಮೇಸ್ತ್ರಿಗೆ ಎಪ್ಪತ್ತು ದಾಟಿರಬೇಕು. ಕೈ ಮಾತ್ರ ನಡುಗುತ್ತಿರಲಿಲ್ಲ. ಅವನ ಸೊಸೆ ಕನ್ನಡಕವನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು ಆರ್ಡರ್ ಪುಸ್ತಕ ತೆರೆದು ಕೂತಿದ್ದಳು. ಒಂದು ಕೋವಿಗೆ ಎರಡು ಪುಟ ಪ್ರಶ್ನೆ.

ಇಲ್ಲಿ ಮಾಡುವುದು ಹಳೆಯ ಕಾಲದ ಒಂಟಿ ಈಡಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಬಟ್ಟೆಯ ತುಂಡಿನಲ್ಲಿ ಗುಂಡನ್ನು ಕೂರಿಸಿ ಗಜ ಎನ್ನುವ ಉದ್ದ ಕಡ್ಡಿಯಿಂದ ತಳಕ್ಕೆ ತಳ್ಳಬೇಕು, ಕಿಡಿ ಹಾರಿಸುವ ಕೇಪು ಇಟ್ಟು, ಅದನ್ನು ಬಡಿಯುವ ಕುದುರೆ ಎತ್ತಬೇಕು. ಒಂದು ಸಲ ಹೊಡೆದರೆ ಮತ್ತೆ ಎಲ್ಲವೂ ಮೊದಲಿನಿಂದ. ಗುರಿ ಹೊಡೆಯುವ ಕ್ಲಬ್ಬಿಗೆ ಗಂಡ ಅವಳನ್ನು ಮೊದಲು ಕರೆದುಕೊಂಡು ಹೋಗಿದ್ದು ಬುತ್ತಿ ಹೊರಲು ಜೊತೆಗಿರಲಿ ಎಂದು. ಅವಳಿಗೆ ಹಿಡಿಸಿದ್ದು ಗುರಿಗಿಂತ ಹೆಚ್ಚಾಗಿ ಆ ನಿಧಾನ. ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಯಾರೂ ಅವಳನ್ನು ಕರೆಯುವಂತಿರಲಿಲ್ಲ. ಕೈಯಲ್ಲಿ ಮದ್ದಿದೆ, ಮಾತಾಡಿಸಬೇಡಿ ಎಂಬುದು ಅಲ್ಲಿನ ನಿಯಮ. ಕ್ಲಬ್ಬಿನ ಕೋವಿಯಲ್ಲಿ ಹತ್ತೊಂಬತ್ತು ವರ್ಷ ಹೊಡೆದಳು. ಪಂದ್ಯಗಳಲ್ಲಿ ನಾಲ್ಕನೆಯವಳು, ಐದನೆಯವಳು, ಒಮ್ಮೊಮ್ಮೆ ಆರನೆಯವಳು. ಈಗ ಗಂಡನ ಕೋವಿಯ ನಳಿಗೆ ಸವೆದಿತ್ತು. ಇಬ್ಬರಿಗೂ ಸೇರಿ ಹೊಸದೊಂದು ಮಾಡಿಸುವುದೆಂದು ಮಾತಾಗಿತ್ತು. "ನಿನ್ನ ಹೆಸರಲ್ಲೇ ಮಾಡಿಸೋಣ," ಎಂದು ಗಂಡ ಧಾರಾಳವಾಗಿ ಹೇಳಿದ್ದ.

"ನಳಿಗೆ ಎಷ್ಟುದ್ದ?" ಸೊಸೆ ಶುರುಮಾಡಿದಳು.

"ಇದರಷ್ಟೇ," ಗಂಡ ಕಂಬಳಿ ಬಿಚ್ಚಿದ.

"ಮರ?"

"ಕಪ್ಪು ಗೆರೆ ಇರೋದು. ಆ ಮೂಲೇಲಿದೆಯಲ್ಲ, ಅದು."

"ಮುಂದಿನ ಸೈಟು ಹಿತ್ತಾಳೆದೋ, ಬೆಳ್ಳೀದೋ?"

"ಹಿತ್ತಾಳೆ ಸಾಕು. ಬೆಳ್ಳಿ ಬಿಸಿಲಿಗೆ ಹೊಳೆಯತ್ತೆ."

ಸೊಸೆ ಪೆನ್ನನ್ನು ತುಟಿಗೆ ಒತ್ತಿಕೊಂಡು ಅವಳನ್ನು ನೋಡಿದಳು. "ಅಮ್ಮಾವ್ರು ಮೌನವ್ರತನಾ?"

"ಕತ್ತರಿ ಕೈಗೆ ಬಂದ್ರೆ ಮಾತ್ರ ಇವಳಿಗೆ ಮಾತು," ಗಂಡ ನಕ್ಕ.

ಅಷ್ಟು ಹೊತ್ತು ಅರ ಉಜ್ಜುತ್ತಿದ್ದ ಮೇಸ್ತ್ರಿ ತಲೆ ಎತ್ತಿದ. "ಯಜಮಾನ್ರೇ, ಕೋವಿ ಯಾರಿಗೆ?"

"ಇವಳಿಗೇ."

"ಹಾಗಾದ್ರೆ ನೀವು ಆ ಸ್ಟೂಲ್ ಮೇಲೆ ಸ್ವಲ್ಪ ಕೂತ್ಕೊಳ್ಳಿ. ಅಮ್ಮ, ನೀವು ಬನ್ನಿ. ಆ ಗೋಡೇಲಿ ಒಂದು ಮೊಳೆ ಇದೆ, ಕಾಣತ್ತಾ? ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ಸೇರಿಸಿ ನಡುವೆ ಒಂದು ಕಿಂಡಿ ಮಾಡಿ. ಕಿಂಡೀಲಿ ಮೊಳೆ ನೋಡ್ತಾ ಇರಿ. ಹಾಗೇ ನಿಧಾನಕ್ಕೆ ಕೈ ಮುಖದ ಹತ್ರ ತನ್ನಿ."

ಅವಳು ತಂದಳು. ಕೈ ಬಂದು ಎಡಗಣ್ಣಿನ ಮೇಲೆ ನಿಂತಿತು. ಮೇಸ್ತ್ರಿ ಇನ್ನೊಂದು ಸಲ ಎಂದ. ಮತ್ತೆ ಎಡಗಣ್ಣು. ಮೂರನೆಯ ಸಲ ಅವಳೇ ಸ್ವಲ್ಪ ಬಲಕ್ಕೆ ಎಳೆಯಲು ನೋಡಿದಳು. ಮೊಳೆ ಕಿಂಡಿಯಿಂದ ಜಾರಿಹೋಯಿತು.

"ಮೋಸ ಮಾಡ್ಬೇಡಿ. ನಿಮಗೆ ಗುರಿ ಹಿಡಿಯೋದು ಎಡಗಣ್ಣು," ಎಂದ ಮೇಸ್ತ್ರಿ. ಗಂಡನ ಕೋವಿಯನ್ನು ಅವಳ ಕೈಗಿತ್ತು ಬಲಭುಜಕ್ಕೆ ಕೊಟ್ಟು ನಿಲ್ಲಲು ಹೇಳಿದ. ಎಂದಿನಂತೆ ನಿಂತಳು. ಅವನು ಹಿಂದಿನಿಂದ ಬಂದು, ಮುಟ್ಟದೆ, ಅವಳ ಕತ್ತನ್ನೇ ನೋಡಿದ. "ಕೆನ್ನೆ ಮರದ ಮೇಲಿಂದ ದಾಟಿ ಆ ಕಡೆ ಹೋಗಿದೆ. ಎಡಗಣ್ಣನ್ನ ಸೈಟಿಗೆ ತರೋಕೆ ಪೂರಾ ತಲೆ ವಾಲಿಸ್ತೀರ. ಕತ್ತು ನೋವಿದೆಯಾ?"

"ಇದೆ. ಮಿಷನ್ ಮೇಲೆ ಬಗ್ಗಿ ಬಗ್ಗಿ..."

"ಬಗ್ಗಿ ಬಂದ ನೋವಾದ್ರೆ ಎರಡೂ ಕಡೆ ಇರಬೇಕಲ್ವಾ?"

ನೋವು ಒಂದೇ ಕಡೆಗಿತ್ತು. ಡಾಕ್ಟರೂ ಮಿಷನ್ ಎಂದಿದ್ದರು, ಗಂಡನೂ ಮಿಷನ್ ಎಂದಿದ್ದ, ಅವಳೂ ಒಪ್ಪಿಕೊಂಡು ಹೊಲಿಯುವ ಕುರ್ಚಿಗೆ ದಿಂಬು ಹಾಕಿಸಿಕೊಂಡಿದ್ದಳು.

ಮೇಸ್ತ್ರಿ ಒಳಗಿನಿಂದ ಒಂದು ವಿಚಿತ್ರ ಮರದ ಕೋವಿ ತಂದ. ಗುಂಡು ಹಾರಿಸುವುದಲ್ಲ, ಅಳತೆ ನೋಡುವುದು. ತಿರುಪು ತಿರುಗಿಸಿದರೆ ಭುಜಕ್ಕೆ ಆನಿಸುವ ಹಿಡಿ ಹಿಗ್ಗುತ್ತದೆ, ಕುಗ್ಗುತ್ತದೆ, ಅತ್ತಿತ್ತ ಬಾಗುತ್ತದೆ. ಅದನ್ನು ಸ್ವಲ್ಪ ಎಡಕ್ಕೆ ಬಾಗಿಸಿ, "ಎಡಭುಜಕ್ಕೆ ಕೊಡಿ," ಎಂದ. ಅವಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೊದಲ ದಿನ ಸೈಕಲ್ ಹತ್ತಿದವಳ ಹಾಗೆ ತಡಕಾಡಿದಳು. ಸೊಸೆ ಬಂದು ಮೊಣಕೈ ಎತ್ತಿಕೊಟ್ಟಳು. ಆಮೇಲೆ ಕೆನ್ನೆ ತಾನಾಗಿ ಮರಕ್ಕೆ ತಾಗಿತು. ಕತ್ತು ನೆಟ್ಟಗೇ ಇತ್ತು. ಹಿಂದಿನ ಸೈಟು, ಮುಂದಿನ ಸೈಟು, ಗೋಡೆಯ ಮೊಳೆ, ಮೂರೂ ಒಂದರ ಹಿಂದೆ ಒಂದು ಸುಮ್ಮನೆ ಕೂತಿದ್ದವು. ಅವಳು ಅವುಗಳನ್ನು ಹುಡುಕಬೇಕಾಗಿರಲಿಲ್ಲ.

ಇಷ್ಟೇನಾ, ಎನ್ನಿಸಿತು. ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಕುದುರೆ ಎಡಗಡೆ ಕೂರಿಸ್ಬೇಕು," ಮೇಸ್ತ್ರಿ ಸೊಸೆಗೆ ಹೇಳಿದ. "ಹಿಡಿ ಎಡಕ್ಕೆ ಬಾಗ್ಬೇಕು. ಕೆನ್ನೆ ಆನಿಸೋ ಉಬ್ಬು ಬಲಗಡೆ."

"ತಡೀರಿ, ತಡೀರಿ," ಗಂಡ ಸ್ಟೂಲಿನಿಂದ ಎದ್ದ. "ಎಡದ ಕೋವೀನ ಬಲಭುಜಕ್ಕೆ ಕೊಟ್ಟು ಹೊಡೀಬಹುದಲ್ವಾ?"

"ಹೊಡೀಬಹುದು. ಕೇಪಿನ ಕಿಡಿ ಸೀದಾ ನಿಮ್ಮ ಮುಖಕ್ಕೆ ಹಾರತ್ತೆ. ಹುಬ್ಬು ಬೇಡ ಅಂದ್ರೆ ಹೊಡೀರಿ."

ಸೊಸೆ ನಗು ತಡೆದುಕೊಂಡಳು. ಗಂಡ ನಗಲಿಲ್ಲ. "ಮತ್ತೆ ನಾನು ಹೊಡೆಯೋದು ಹೇಗೆ?" ಎಂದುಬಿಟ್ಟ. ಮಾತು ಹೊರಗೆ ಬಂದ ಮೇಲೆ ಅದು ಅವನಿಗೇ ಒಂಥರಾ ಕೇಳಿಸಿರಬೇಕು. "ಅಂದ್ರೆ, ಮನೇಲಿ ಒಂದು ವಸ್ತು ಅಂದ್ಮೇಲೆ ಎಲ್ಲರಿಗೂ ಉಪಯೋಗಕ್ಕೆ ಬರಬೇಕು ನೋಡಿ. ಎಡಗೈದು ನಾಳೆ ಮಾರ್ತೀನಿ ಅಂದ್ರೂ ಯಾರು ತಗೋತಾರೆ?"

"ರೀ, ಇರಿ," ಎಂದಳು ಅವಳು. ತಾನೇನು ಹೇಳಹೊರಟಿದ್ದೇನೆಂದು ಯೋಚಿಸುವ ಮೊದಲೇ ಮಾತು ಬಾಯಿಗೆ ಬಂದಿತ್ತು. "ಮೇಸ್ತ್ರಿಗಳೇ, ಇಬ್ಬರಿಗೂ ಆಗೋ ಹಾಗೆ ಮಾಡೋಕಾಗಲ್ವಾ? ಸ್ವಲ್ಪ ಮಾರ್ಜಿನ್ ಬಿಟ್ಟು?"

ಮೇಸ್ತ್ರಿ ಕೈಯೊರೆಸಿಕೊಂಡ. "ಮರ ಬಟ್ಟೆಯಲ್ಲಮ್ಮ, ಬೇಕಾದಾಗ ಬಿಚ್ಚಿ ಹೊಲಿಯೋಕೆ. ಕುದುರೆ ಈ ಕಡೆ, ಇಲ್ಲ ಆ ಕಡೆ. ಹಲಗೆ ಇವತ್ತು ಕೊಯ್ತೀನಿ. ಕೊಯ್ದ ಮೇಲೆ ಬದಲಾಯಿಸೋ ಹಾಗಿಲ್ಲ. ಬಲಗಡೆದು ಮಾಡಿದ್ರೆ ಯಜಮಾನ್ರಿಗೆ ಸರಿ ಹೋಗತ್ತೆ, ನೀವೂ ಹೇಗೋ ಹೊಡೀತೀರ, ಇಷ್ಟು ದಿನ ಹೊಡೆದ ಹಾಗೆ. ಎಡಗಡೆದು ಮಾಡಿದ್ರೆ ನಿಮ್ಮೊಬ್ಬರಿಗೇ. ನನಗೆ ಎರಡೂ ಒಂದೇ ಕೆಲಸ."

ಮುಂದಿನ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು.

ನಿಮ್ಮೊಬ್ಬರಿಗೇ. ಆ ಮಾತು ಅವಳಿಗೆ ಬೈಗುಳದ ಹಾಗೆ ಕೇಳಿಸಿತು. ಅವಳೊಬ್ಬಳಿಗೇ ಆಗುವಂಥದ್ದು ಮನೆಯಲ್ಲಿ ಏನಿದೆ ಎಂದು ಲೆಕ್ಕ ಹಾಕಿದಳು. ಕೊಡೆ ಕೊಳ್ಳುವಾಗ ಅವನಿಗೂ ಆಗಲೆಂದು ದೊಡ್ಡ ಕಪ್ಪು ಕೊಡೆ ಕೊಂಡಿದ್ದಳು. ಗಾಳಿ ಬಂದರೆ ಅದೇ ಅವಳನ್ನು ಎಳೆದುಕೊಂಡು ಹೋಗುತ್ತದೆ. ಚಪ್ಪಲಿ ಮಗಳಿಗೂ ಆಗಲೆಂದು ಒಂದು ಸೈಜು ಹೆಚ್ಚು. ಮಗಳು ಮದುವೆಯಾಗಿ ಹೋಗಿ ಆರು ವರ್ಷವಾದರೂ ಅದೇ ಸೈಜು, ಅದೇ ಟಪ್ ಟಪ್. ಅಡುಗೆಮನೆಯ ಕಟ್ಟೆಯನ್ನು ಅತ್ತೆಯ ಎತ್ತರಕ್ಕೆ ಕಟ್ಟಿಸಿದ್ದು. ಯಾರೂ ಹೀಗೇ ಮಾಡು ಎಂದು ಹೇಳಿರಲಿಲ್ಲ, ಅದೂ ನಿಜ. ಪ್ರತಿ ಸಲ ಬೇರೆಯವರ ಅಳತೆ ಬಟ್ಟೆ ಹಿಡಿದು ಬಂದವಳು ಅವಳೇ.

ಎಡಕ್ಕೆ ಹೋದರೆ ಸುಲಭವಿಲ್ಲ, ಅದೂ ಗೊತ್ತಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಮದ್ದು ಸುರಿಯುವುದರಿಂದ ಹಿಡಿದು ಎಲ್ಲ ಹೊಸದಾಗಿ ಕಲಿಯಬೇಕು. ಒಂದು ವರ್ಷವಾದರೂ ಕ್ಲಬ್ಬಿನಲ್ಲಿ ಕೊನೆಯವಳಾಗಬೇಕು. ಗಂಡ ಸವೆದ ನಳಿಗೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಾನೆ. ಬಲಕ್ಕೆ ಎಂದರೆ ಇದೊಂದೂ ಇಲ್ಲ. ಸಂಜೆ ಇಬ್ಬರೂ ನಗುತ್ತಾ ಮನೆಗೆ ಹೋಗಬಹುದು.

"ಎಡಗಡೆ," ಎಂದಳು.

"ಯೋಚನೆ ಮಾಡಿದೀಯಾ?" ಗಂಡ ಕೇಳಿದ. ದನಿಯಲ್ಲಿ ಜಗಳವಿರಲಿಲ್ಲ, ಅವನು ನಿಜಕ್ಕೂ ಗಾಬರಿಯಾಗಿದ್ದ.

"ಮಾಡ್ದೆ. ನಿಮ್ಮ ಕೋವಿಗೆ ಹೊಸ ನಳಿಗೆ ಕೂರಿಸೋಕಾಗತ್ತಾ ಕೇಳಿ."

"ಆಗತ್ತೆ," ಮೇಸ್ತ್ರಿ ಹೇಳಿದ. "ಹಿಡಿ ಚೆನ್ನಾಗಿದೆ. ಇವರ ಅಳತೆಗೇ ಮಾಡಿಸಿದ್ದು ತಾನೇ?"

"ಹೌದು," ಎಂದ ಗಂಡ, ಸ್ವಲ್ಪ ತಡೆದು. "ನಮ್ಮಪ್ಪ ಮಾಡಿಸಿಕೊಟ್ಟಿದ್ದು." ಮತ್ತೆ ಸ್ಟೂಲಿನ ಮೇಲೆ ಕೂತು ಕಂಬಳಿಯನ್ನು ಮಡಿಸತೊಡಗಿದ. ಮಡಿಸಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಿಸಿದ.

ಸೊಸೆ ಬರೆದದ್ದಕ್ಕೆಲ್ಲ ಅಡ್ಡಗೆರೆ ಎಳೆದು ಹೊಸ ಪುಟ ತಿರುಗಿಸಿದಳು. "ಹ್ಞಾಂ ಅಮ್ಮ, ಮೊದಲಿಂದ. ನಳಿಗೆ ಎಷ್ಟುದ್ದ?"

ಎರಡಿಂಚು ಗಿಡ್ಡ, ಎಂದಳು. ಉದ್ದದ್ದಕ್ಕೆ ಅವಳ ತೋಳು ಸೋಲುತ್ತಿತ್ತು. ಮರ ಕೆಂಪು ಬಣ್ಣದ್ದು, ಗೆರೆ ಇಲ್ಲದಿದ್ದರೂ ಚಿಂತೆಯಿಲ್ಲ, ಹಗುರವಾಗಿರಲಿ. ಸೈಟು ಬೆಳ್ಳಿ. ಆಗ ಗಂಡನ ಬಾಯಿ ತೆರೆಯಿತು. ಅವಳು ಅತ್ತ ನೋಡಿದಳು. ಬಾಯಿ ಮುಚ್ಚಿಕೊಂಡಿತು. ಮೇಸ್ತ್ರಿ ಕೆಂಪು ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗರಗಸ ಒಂದು ಸಲ ಹಾಯುವುದನ್ನು ಅವಳು ಉಸಿರು ಹಿಡಿದು ನೋಡಿದಳು. ಇನ್ನು ವಾಪಸ್ಸಿಲ್ಲ.

"ಟ್ರಿಗರ್ ಎಷ್ಟು ಗಟ್ಟಿ ಇರಬೇಕು?" ಸೊಸೆ ಕೇಳಿದಳು.

ಅವಳು ಕ್ಲಬ್ಬಿನ ಕೋವಿಯ ಟ್ರಿಗರ್ ಹೇಗಿತ್ತೋ ಹಾಗೆ ಎಳೆದಿದ್ದಳು. ಎಷ್ಟು ಬೇಕು ಎಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. "ನನಗೆ ಗೊತ್ತಿಲ್ಲ," ಎಂದಳು.

"ಗೊತ್ತು ಮಾಡ್ಕೊಳ್ಳೋಣ," ಎಂದು ಮೇಸ್ತ್ರಿ ಮೇಜಿಗೆ ಬಿಗಿದ ಒಂದು ಟ್ರಿಗರನ್ನು ಅವಳ ಮುಂದೆ ತಿರುಗಿಸಿದ. ಪಕ್ಕದಲ್ಲೇ ಅದನ್ನು ಬಿಗಿಮಾಡುವ, ಸಡಿಲಿಸುವ ತಿರುಪಿತ್ತು. ಅವಳು ಎಡಗೈ ತೋರುಬೆರಳನ್ನು ಇಟ್ಟು ಎಳೆದಳು. ತುಂಬ ಗಟ್ಟಿ. ಸಡಿಲಿಸಿ ಎಳೆದಳು. ಉಸಿರು ತಾಗಿದರೂ ಬೀಳುವಷ್ಟು ಸಡಿಲವಾಯಿತು. ಎಡಬೆರಳು ಏನೂ ಕಲಿಯದ ಬೆರಳು, ಅದಕ್ಕೆ ಎಲ್ಲವೂ ಹೊಸದು. ಅರ್ಧ ಸುತ್ತು ಬಿಗಿ ಮಾಡಿದಳು. ಮತ್ತೆ ಎಳೆದಳು.

"ಇನ್ನೂ ಎಷ್ಟು ಹೊತ್ತು?" ಸ್ಟೂಲಿನ ಕಡೆಯಿಂದ ಗಂಡ ಕೇಳಿದ.

"ಗೊತ್ತಾಗೋವರೆಗೆ," ಎಂದಳು ಅವಳು, ತಿರುಪಿನಿಂದ ಕೈ ತೆಗೆಯದೆ. "ಹಸಿವಾದ್ರೆ ಹೋಗಿ ಏನಾದ್ರೂ ತಿಂದ್ಕೊಂಡು ಬನ್ನಿ."