ಕರಡಿಗೆಯ ಕೆಳಗೆ

ಕೊರಟಗೆರೆ ಇರಬೇಕು, ಬಸ್‌ಸ್ಟ್ಯಾಂಡಿನ ಮುಂದೆ ಹೂವಿನವಳು ಕನಕಾಂಬರದ ಮೇಲೆ ನೀರು ಚಿಮುಕಿಸುತ್ತಿದ್ದಾಳೆ, ಕಾರಿನ ಗಾಜು ಏರಿಸಿರುವುದರಿಂದ ಅವಳ ಬಾಯಿ ಮಾತ್ರ ಆಡುತ್ತದೆ, ಏನು ಕೂಗುತ್ತಾಳೋ ಕೇಳುವುದಿಲ್ಲ, ಎಸಿ ಗಾಳಿ ನೇರ ಮೊಣಕಾಲಿಗೆ ಬಡಿಯುತ್ತಿದೆ, ಬಸವೇಶನಿಗೆ ಹೇಳಿದರೆ ಕಡಿಮೆ ಮಾಡುತ್ತಾನೆ, ಹೇಳುವುದಿಲ್ಲ, ಬೆಳಗಿನಿಂದ ನಾನು ಕೆಮ್ಮಿದರೂ ಕನ್ನಡಿಯಲ್ಲಿ ನೋಡುತ್ತಾನೆ, ಮಗ ಇಷ್ಟು ನೋಡಬೇಕಾದರೆ ಇಂಥ ಕಾಯಿಲೆಯೇ ಬರಬೇಕಾಯಿತು — ಮುಂದಿನ ಸೀಟಿನಲ್ಲಿ ಇವರು, ಫೋನಿನಲ್ಲಿ, ಸಿರಾದಲ್ಲಿರುವ ನನ್ನ ತಮ್ಮ ಕುಮಾರಸ್ವಾಮಿಗೆ, ದುಡ್ಡಿನ ಯೋಚ್ನೆ ಇಲ್ಲ ಕಣಪ್ಪ, ಅದೊಂದು ಬುಟ್ಟು ಬೇರೆ ಏನಾದ್ರೂ ಹೇಳು, ಬಾಂಬೆ ಅಂದ್ರೆ ಬಾಂಬೆ, ಎಲ್ಲಿಗಾದ್ರೂ ಸೈ. ಎಲ್ಲರಿಗೂ ಇದೇ ಮಾತು. ಬೆಂಗಳೂರಿನ ಡಾಕ್ಟರು ದುಡ್ಡಿನ ಮಾತೇ ಎತ್ತಲಿಲ್ಲ, ಎತ್ತಿದ್ದರೆ ಇವರ ಹತ್ತಿರ ಉತ್ತರ ಇತ್ತು. ಕನ್ನಡಕದ ಹುಡುಗಿ, ನನ್ನ ಸೊಸೆಯ ವಯಸ್ಸಿನವಳು, ಪರದೆಯ ಆಚೆ ನಾನು ರವಿಕೆಯ ಹುಕ್ಕು ಹಾಕಿಕೊಳ್ಳುತ್ತಿದ್ದಾಗ ಇವರಿಗೂ ಬಸವೇಶನಿಗೂ ಹೇಳಿದಳು, ಎದೆಯಿಂದ ಲಿವರಿಗೆ ಹೋಗಿದೆ, ಬೆನ್ನುಮೂಳೆಗೂ ಹೋಗಿದೆ, ಇನ್ನು ಆಪರೇಷನ್ನಿನಿಂದ ಉಪಯೋಗ ಇಲ್ಲ, ಇಂಜೆಕ್ಷನ್ ಕೊಡ್ತಾ ಹೋಗಬಹುದು, ವಾಸಿ ಮಾಡೋಕಲ್ಲ, ಸ್ವಲ್ಪ ದಿನ ಮುಂದಕ್ಕೆ ಹಾಕೋಕೆ. ಸ್ವಲ್ಪ ದಿನ ಅಂದ್ರೆ ಎಷ್ಟು ಮೇಡಂ. ಒಂದು ವರ್ಷ ಸಿಕ್ಕರೆ ಒಳ್ಳೇದೇ. ಪರದೆ ಬಟ್ಟೆಯದು, ಗೋಡೆಯಲ್ಲ, ಅವರಿಗೆ ಅದು ಹೊಳೆಯಲಿಲ್ಲ. ಆಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದಳು, ಗಂಟು ಎಷ್ಟು ದಿನದಿಂದ ಇತ್ತಮ್ಮ. ಎರಡು ತಿಂಗಳು. ಅವಳ ಪೆನ್ನು ಒಂದು ಗಳಿಗೆ ನಿಂತಿತು, ನನ್ನ ಮುಖ ನೋಡಿ ಮತ್ತೆ ಬರೆಯಿತು. ಎರಡು ವರ್ಷ ಮೂರು ತಿಂಗಳು ಎಂದು ಹೇಳಬೇಕಿತ್ತು, ಪಕ್ಕದಲ್ಲಿ ಇವರು ನಿಂತಿದ್ದರು, ನನ್ನ ಕೊರಳ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡು.

ಕೈಯಲ್ಲಿ ಹಿಡಿದುಕೊಂಡಿದ್ದರು, ಯಾಕೆಂದರೆ ಸ್ಕ್ಯಾನಿಗೆ ಬಿಚ್ಚಿಸಿದ್ದರು, ಎಂಟು ವರ್ಷದವಳಿದ್ದಾಗ ಅಯ್ಯನವರು ಕಟ್ಟಿದ ಲಿಂಗ, ಮದುವೆಯಲ್ಲಿ, ಬಾಣಂತನದಲ್ಲಿ, ನನ್ನಪ್ಪ ಸತ್ತಾಗ, ಯಾವತ್ತೂ ಮೈಬಿಟ್ಟು ಹೋಗದ್ದು. ಮೊದಲಿನ ಕರಡಿಗೆ ಸಣ್ಣದು, ನೆಲ್ಲಿಕಾಯಿಯಷ್ಟು, ತವರಿನದು, ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ನಮ್ಮ ಹೊಲಕ್ಕೆ ಸೋಲಾರಿನವರು ಕೊಡುವ ಬಾಡಿಗೆ ಏರಿದ ವರ್ಷ ಇವರು ಸಿರಾದಲ್ಲಿ ಹೊಸದು ಮಾಡಿಸಿ ತಂದರು, ಗಟ್ಟಿ ಬೆಳ್ಳಿ, ಎರಡು ಕಡೆ ಚೂಪು, ಮಠದಲ್ಲಿ ಸರೋಜಮ್ಮ ಕೈಯಲ್ಲಿ ತೂಗಿ ನೋಡಿ ಇದೇನು ಚನ್ನಮಲ್ಲಮ್ಮ, ಲಿಂಗಕ್ಕೆ ಬಂಗಲೆ ಕಟ್ಟಿಸಿದೀರಾ ಅಂದಳು, ನನಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ. ಎಡಕ್ಕೆ ಇಳಿಬಿದ್ದಿರುತ್ತಿತ್ತು. ಎಡಮಗ್ಗುಲಿಗೆ ಮಲಗಿದರೆ ಮೊಲೆಗೂ ಹಾಸಿಗೆಗೂ ನಡುವೆ ಸಿಕ್ಕಿ ಒತ್ತುತ್ತಿತ್ತು, ಬೆಳಿಗ್ಗೆ ಎದ್ದರೆ ಚರ್ಮದ ಮೇಲೆ ಅದರ ಅಚ್ಚು. ಆಮೇಲೊಂದು ದಿನ ಅಚ್ಚಿನ ಕೆಳಗೆ ಗಟ್ಟಿಯಾಗಿ ಒಂದು ಅವರೆಕಾಳು. ಬೆಳ್ಳಿ ಒತ್ತಿ ಒತ್ತಿ ಗಂಟು ಕಟ್ಟಿದೆ, ನೊಗ ಒತ್ತಿ ಎತ್ತಿನ ಹೆಗಲು ಕಾಯಿ ಕಟ್ಟುವುದಿಲ್ಲವೇ ಹಾಗೆ, ಇಷ್ಟೇ ಅಂದುಕೊಂಡೆ. ಪೂಜೆ ಆದ ಮೇಲೆ ಹಣೆಗೆ ಇಟ್ಟ ವಿಭೂತಿ ಬೆರಳಲ್ಲಿ ಉಳಿದದ್ದನ್ನು ಅಲ್ಲಿಗೂ ಎಳೆಯುತ್ತಿದ್ದೆ, ಮೂರು ಬೆರಳಲ್ಲಿ, ದಿನಾ, ಎರಡು ವರ್ಷ, ಅವರೆಕಾಳು ಹುಣಸೆಬೀಜವಾದದ್ದು ನನ್ನ ಬೆರಳಿಗೆ ಗೊತ್ತು, ನೆಲ್ಲಿಕಾಯಿ ಆದದ್ದೂ ಗೊತ್ತು. ನೋವಿರಲಿಲ್ಲ. ನೋವಿದ್ದಿದ್ದರೆ ತೋರಿಸುತ್ತಿದ್ದೆ. ಒಂದು ಸಲ ಇವರಿಗೆ ಹೇಳಿದೆ, ಕರಡಿಗೆ ಭಾರ ಆಗ್ತೈತೆ ಕಣ್ರೀ, ಹಳೇದೇ ಹಾಕ್ಕೊತೀನಿ. ಬೆಳ್ಳಿ ಭಾರ ಅಂದೋಳು ಲೋಕದಾಗೆ ನೀನೊಬ್ಳೇ ಕಣೇ, ಬ್ಯಾರೆ ಹೆಂಗಸ್ರು ಕಮ್ಮಿ ಆಯ್ತು ಅಂತ ಅಳ್ತಾರೆ. ನಾನೂ ನಕ್ಕೆ. ಬಲಮಗ್ಗುಲಿಗೆ ಮಲಗುವುದನ್ನು ಅಭ್ಯಾಸ ಮಾಡಿಕೊಂಡೆ.

ಮಧುಗಿರಿ ಬೆಟ್ಟ ಬಂತು, ಎಷ್ಟು ಹೊತ್ತಾದರೂ ಪಕ್ಕದಲ್ಲೇ ಇರುತ್ತದೆ, ಒಂದೇ ಕಲ್ಲು, ಒಂದು ಗಂಟು, ಛೀ, ಇನ್ನು ಮುಂದೆ ಏನು ನೋಡಿದರೂ ಹೀಗೇ ಕಾಣುತ್ತದೇನೋ. ಸಹನಾ ಬಂದದ್ದು ಎರಡು ವರ್ಷದ ಹಿಂದೆ, ಇದೇ ಬಿಸಿಲಿನ ಕಾಲದಲ್ಲಿ, ಆರೋಗ್ಯ ವಿಚಾರಿಸಲು ಮನೆಮನೆಗೆ ಬರುವ ಆಶಾ ಕೆಲಸದ ಹುಡುಗಿ, ಕಾಲೋನಿಯ ದೊಡ್ಡಹನುಮಯ್ಯನ ಸೊಸೆ, ಗುಲಾಬಿ ಸೀರೆ, ಬಗಲಲ್ಲಿ ರಿಜಿಸ್ಟರು, ಹೊಸಿಲಾಚೆ ಜಗಲಿಯ ಕೆಳಗೆ ನಿಂತು ಅಮ್ಮಾರೇ, ಸ್ಕೂಲ್ತಾವ ಕ್ಯಾಂಪೈತೆ, ಮೂವತ್ತು ದಾಟಿದ ಹೆಂಗಸ್ರೆಲ್ಲ ಬರ್ಬೇಕು, ಎದೆ ಗಂಟು ನೋಡ್ತಾರೆ, ಲೇಡಿ ಡಾಕ್ಟ್ರೇ ಬಂದವ್ರೆ. ನಮಗ್ಯಾಕಮ್ಮ ಫ್ರೀ ಕ್ಯಾಂಪು, ಏನಾದ್ರೂ ಆದ್ರೆ ಬೆಂಗ್ಳೂರಿಗೆ ಹೋಗ್ತೀವಿ. ಅದು ಆಗೋಕೆ ಮುಂಚೆ ನೋಡೋದು ಅಮ್ಮಾರೇ, ಹೋಗ್ಲಿ, ಒಳಗೆ ರೂಮ್ನಾಗೆ ನಾನೇ ಒಂದ್ಸಲ ನೋಡ್ಲಾ, ಟ್ರೇನಿಂಗ್ ಆಗೈತೆ, ಎರಡೇ ನಿಮಿಷ, ಮೂರು ಬೆರಳಿಂದ ಹಿಂಗೆ — ಗಾಳಿಯಲ್ಲಿ ಮೂರು ಬೆರಳು ಜೋಡಿಸಿ ಸುತ್ತಿ ತೋರಿಸಿದಳು, ತನ್ನ ಸೆರಗಿನ ಮುಂದೆ. ನನ್ನ ಕೈ ತಾನಾಗಿ ಕರಡಿಗೆಯ ಮೇಲೆ ಹೋಯಿತು. ಲಿಂಗ ಐತೆ ಕಣಮ್ಮ, ಮುಟ್ಟಂಗಿಲ್ಲ. ಮೆತ್ತಗೇ ಹೇಳಿದೆ, ಬೈಯಲಿಲ್ಲ, ಬೈಯಲಿಲ್ಲ ಎಂದು ಆಗ ಸಮಾಧಾನವೂ ಇತ್ತು. ಅವಳಿಗೆ ಅರ್ಥವಾಯಿತು, ಯಾರ ಕೈ, ಯಾವುದನ್ನು ಮುಟ್ಟುವ ಹಾಗಿಲ್ಲ ಎಂದು. ಬೆರಳು ಒಂದು ಗಳಿಗೆ ಅಲ್ಲೇ ನಿಂತವು, ಆಮೇಲೆ ಇಳಿದವು, ಆಯ್ತು ಅಮ್ಮಾರೇ, ರಿಜಿಸ್ಟರಿನಲ್ಲಿ ಏನೋ ಗೀಚಿಕೊಂಡು ಹೋದಳು, ಈ ಮನೆಯವರು ಆರೋಗ್ಯವಾಗಿದ್ದಾರೆ ಎಂದು ಬರೆದಿರಬೇಕು. ಆವತ್ತು ಅದು ಅವರೆಕಾಳು. ಹೊಸಿಲಿನಿಂದ ನನ್ನವರೆಗೆ ಮೂರಡಿ ಇಲ್ಲ.

ಅವಳ ಕ್ಯಾಂಪಿನಲ್ಲೇ ಸಿಕ್ಕಿದ್ದು ರಾಮಾಂಜಿನಮ್ಮನ ಗಂಟು. ನಮ್ಮ ಹೊಲದಲ್ಲಿ ಶೇಂಗಾ ಕೀಳುತ್ತಿದ್ದವಳು, ಈಗ ಅದೇ ಹೊಲದಲ್ಲಿ ಸೋಲಾರಿನವರ ಪ್ಲೇಟು ತೊಳೆಯುತ್ತಾಳೆ. ಸರ್ಕಾರಿ ಆಸ್ಪತ್ರೆ, ಕಾರ್ಡು, ವಾರ್ಡಿನ ಹೊರಗೆ ಗಂಡ ಪೇಪರು ಹಾಸಿಕೊಂಡು ಮಲಗಿದ್ದ, ಇಂಜೆಕ್ಷನ್ ಚುಚ್ಚಿಸಿಕೊಂಡು ಪಾವಗಡದ ಬಸ್ಸಿನಲ್ಲಿ ಕವರಿಗೆ ವಾಂತಿ ಮಾಡಿಕೊಳ್ಳುತ್ತ ಬರುತ್ತಿದ್ದಳು, ಪಕ್ಕದವರು ಎದ್ದು ಹೋಗುತ್ತಿದ್ದರಂತೆ, ಸೀಟಾದ್ರೂ ಪೂರ್ತಿ ಸಿಗ್ತಿತ್ತು ಅಮ್ಮಾರೇ ಅಂತ ನಗುತ್ತಾಳೆ. ನನಗೆ ಎಸಿ ಕಾರು, ಒಬ್ಬಳಿಗೇ ರೂಮು, ಅವಳಿಗೆ ತಿಂಗಳು ಹಿಡಿದ ರಿಪೋರ್ಟು ನನಗೆ ಮಾರನೇ ದಿನವೇ ಬಂತು, ಸಾಯುತ್ತೀಯ ಎಂದು ಬೇಗ ಗೊತ್ತಾಯಿತು, ದುಡ್ಡು ಕೊಟ್ಟು ಕೊಂಡದ್ದು ಅಷ್ಟು. ಇಲ್ಲ, ಹಾಗೂ ಅಲ್ಲ, ನೋವಿನ ಮಾತ್ರೆ ಒಳ್ಳೆಯದು ಕೊಟ್ಟಿದ್ದಾರೆ, ಬೆನ್ನು ಈಗ ಅಷ್ಟು ಸೀಳುತ್ತಿಲ್ಲ, ಆ ಬಸ್ಸಿನಲ್ಲಿ ನಾನಾಗಿದ್ದರೆ ಒಂದು ದಿನವೂ ತಡೆಯುತ್ತಿರಲಿಲ್ಲ. ಅವಳದು ಒಂದು ಕಡೆ ತೆಗೆದು ಹಾಕಿದರು. ಒಂದ್ಕಡೆ ಹಗುರ ಆಗೈತೆ ಅಮ್ಮಾರೇ, ಕೊಡ ಎತ್ತಿದ್ರೆ ಬ್ಯಾಲೆನ್ಸೇ ಸಿಗಾಕಿಲ್ಲ. ನಿನ್ನೆ ನಾವು ಹೊರಡುವಾಗ ಗೇಟಿನ ಹತ್ತಿರ ಬಂದು ಏಮೀ ಕಾದಮ್ಮ, ಏನೂ ಆಗಾಕಿಲ್ಲ, ನನ್ನೇ ನೋಡ್ರಿ ಅಂದಳು, ಉದುರಿದ ಕೂದಲು ಗುಂಗುರು ಗುಂಗುರಾಗಿ ಬಂದಿದೆ, ನಾನು ಅದನ್ನೇ ನೋಡಿದೆ, ಇವಳು ಯಾಕೆ ಬದುಕಿದಳು ಎಂದು ನೋಡಿದೆ, ಅದೂ ನಾನೇ. ಮತ್ತೆ ಆ ಸ್ಕ್ಯಾನಿನವನು, ಅಮ್ಮ, ಅದು ಬಿಚ್ಚಿಡಿ ಎಂದು ಸ್ಟೀಲಿನ ಟ್ರೇ ನೀಡಿದ, ಬಿಚ್ಚಿದೆ, ಒಂದು ನಿಮಿಷ ಹಿಡಿಯಲಿಲ್ಲ, ಯಾರಪ್ಪ ನೀನು, ಯಾವೂರು, ಯಾರ ಮಗ ಎಂದು ಕೇಳಲಿಲ್ಲ, ಅವನು ನನ್ನ ಭುಜ ಹಿಡಿದು ಮಲಗಿಸಿದ, ಎದೆಯನ್ನು ಸರಿಯಾಗಿ ಇಟ್ಟ, ನಾನು ಚಾವಣಿ ನೋಡಿದೆ.

ಕಾರು ನಿಂತಿತು, ಪಾವಗಡ ದೂರವಿಲ್ಲ, ಹುಣಸೆಮರದ ಕೆಳಗೆ ಎಳನೀರಿನ ಗಾಡಿ, ಇವರು ಇಳಿದು ಗಂಜಿ ಇರೋದು ಕೊಡಪ್ಪ, ಹುಷಾರಿಲ್ಲದೋರಿಗೆ ಎನ್ನುತ್ತಿದ್ದಾರೆ, ಅವನಿಗೂ ಹೇಳುತ್ತಾರೋ ಏನೋ ದುಡ್ಡಿನ ಯೋಚ್ನೆ ಇಲ್ಲ ಎಂದು. ಇವರ ಜುಬ್ಬದ ಜೇಬು ಜಗ್ಗಿದೆ, ಬರಿಯ ಕರಡಿಗೆ ಇನ್ನೂ ಅಲ್ಲೇ ಇದೆ, ಲಿಂಗವನ್ನು ನಾನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೇನೆ, ಮನೆಗೋದ್ಮ್ಯಾಕೆ ಹಾಕ್ಕೊಳ್ಳುವಂತೆ ಎಂದಿದ್ದರು, ಹಾಕಿಕೊಳ್ಳಬೇಕು, ಬೇಡ ಎಂದರೆ ಯಾಕೆ ಎನ್ನುತ್ತಾರೆ. ಬಸವೇಶ ಹಿಂದಕ್ಕೆ ತಿರುಗಿದ್ದಾನೆ, ಫೋನು ಹಿಡಿದು, ಅಮ್ಮ, ಬಾಂಬೆ ಆಸ್ಪತ್ರೆಯ ಫಾರಂ ತುಂಬ್ತಾ ಇದೀನಿ, ಇಲ್ಲಿ ಕೇಳಿದಾರೆ ಮೊದಲು ಗೊತ್ತಾಗಿದ್ದು ಯಾವಾಗ ಅಂತ, ಸರಿಯಾಗಿ ಹೇಳಮ್ಮ, ಅದನ್ನ ನೋಡ್ಕೊಂಡೇ ಮುಂದಿನ ಮಾತಂತೆ, ಎರಡು ತಿಂಗಳೇ ತಾನೆ. ಆದ್ರೆ ಎರಡು ತಿಂಗಳಿಗೆ ಗಂಟು ಇಷ್ಟು ದೂರ ಹರಡಲ್ಲ ಅಂತಾರಮ್ಮ, ನೆನಪು ಮಾಡ್ಕೋ. ಅವನ ಬೆರಳು ಫೋನಿನ ಮೇಲೆ ಕಾಯುತ್ತಿದೆ. ಹೇಳಿದರೆ ಇವರು ಜೇಬಿನೊಳಗೆ ಕೈ ಹಾಕಿ ಆ ಬೆಳ್ಳಿಯನ್ನು ಮುಟ್ಟಿ ನೋಡುತ್ತಾರೆ, ಬದುಕಿರುವಷ್ಟು ದಿನ ಮುಟ್ಟಿ ನೋಡುತ್ತಾರೆ. ಹೇಳದಿದ್ದರೂ ಲಿವರು ಲಿವರೇ. ನಾಳೆ ಸಹನಾಳನ್ನು ಕರೆಸಬಹುದು, ಒಳಕ್ಕೆ, ರೂಮಿಗೆ, ಮಂಚದ ಮೇಲೆ ಕೂರಿಸಿ ನೋಡಮ್ಮ ಎನ್ನಬಹುದು, ಏನು ನೋಡುತ್ತಾಳೆ, ಬೆನ್ನುಮೂಳೆ ಬೆರಳಿಗೆ ಸಿಗುತ್ತದೆಯೇ. ಅಮ್ಮ, ಯಾವಾಗ. ಬಿಸಿಲಿತ್ತು ಕಣಪ್ಪ, ಅವಳ ಸೀರೆ ಗುಲಾಬಿ, ಆವತ್ತು — ಅಮ್ಮ — ಹೊಸಿಲಾಚೆ, ಗಾಳಿಯಲ್ಲಿ, ಜೋಡಿಸಿದ ಮೂರು ಬೆರಳು, ಇನ್ನೂ ಇಳಿಯದೆ, ಮೂರು ಬೆರಳು —