ವಾಪಸ್ ಕಳಿಸಿದ ಪುಟ

"ಒಳಗೆ ಕಾಲಿಟ್ಟರೆ ಕಾಲು ಮುರೀತೀನಿ," ಎನ್ನುತ್ತಲೇ ಅವನು ಬಂದವನ ಎದೆಗೆ ಕೈ ಕೊಟ್ಟು ಮೆಟ್ಟಿಲವರೆಗೆ ತಳ್ಳಿದ. ಲಿಫ್ಟ್ ರಿಪೇರಿ ಮಾಡಿ ಗಟ್ಟಿಯಾಗಿದ್ದ ಕೈ. ಬಂದವನ ಕನ್ನಡಕ ಮೂಗಿನಿಂದ ಜಾರಿತು. ಹೆಗಲ ಚೀಲದಲ್ಲಿದ್ದ ಲ್ಯಾಪ್‌ಟಾಪ್ ಗೋಡೆಗೆ ಬಡಿಯಿತು. ನಡುಮನೆಯಲ್ಲಿ ತಳ್ಳಿದವನ ಹೆಂಡತಿಯ ಶವವನ್ನು ಮಲಗಿಸಿದ್ದರು. ಸುತ್ತ ಕೂತವರೆಲ್ಲ ಅಳು ನಿಲ್ಲಿಸಿ ಬಾಗಿಲ ಕಡೆ ನೋಡಿದರು.

ದೊಡ್ಡಣ್ಣ ಎದ್ದು ಬಂದ. "ಸಾವಿನ ಮನೆಗೆ ಬಂದವರ ಮೇಲೆ ಕೈ ಮಾಡ್ತೀಯಲ್ಲೋ, ಬುದ್ಧಿ ನೆಟ್ಟಗಿದ್ಯಾ? ಯಾರಿವರು?"

"ಅವಳ ಜೀವ ತಿಂದವನು ಅಣ್ಣ. ಆ ಕಂಪ್ಯೂಟರ್ ಯಜಮಾನ. ಈಗ ತಾನೇ ಅವನೇ ಬಾಯಿಬಿಟ್ಟು ಹೇಳ್ದ."

ಬಂದವನು ಕನ್ನಡಕ ಸರಿಮಾಡಿಕೊಂಡ. "ಅಮ್ಮನ ಮುಖ ನೋಡಿ ಹೋಗ್ತೀನಿ ಸರ್. ಅವರಿಗೆ ಒಂದು ಪುಟ ತೋರಿಸೋದಿತ್ತು."

"ಸತ್ತ ಮೇಲೂ ಬಿಡಲ್ವಾ ಅವಳನ್ನ?"

* * *

ಅವಳು ಮುದ್ರಣಾಲಯದಲ್ಲಿ ಕೆಂಪು ಇಂಕಿನಿಂದ ಕರಡು ತಿದ್ದುತ್ತಿದ್ದವಳು. ನೆಂಟರೆಲ್ಲ ಕೆಂಪಿಂಕಮ್ಮ ಎಂದು ಛೇಡಿಸುವರು. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ತಪ್ಪು ಹುಡುಕುವಳು, ಮದುಮಕ್ಕಳು ಯಾರೆಂದು ನೋಡುವುದು ಆಮೇಲೆ. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಕಣ್ಣು ಕಾಣದ ಅವಳ ತಂಗಿ ಒಂದು ತಂತ್ರಾಂಶ ಬಳಸುತ್ತಿದ್ದಳು. ಕಂಪ್ಯೂಟರಿನ ತೆರೆಯ ಮೇಲಿರುವುದನ್ನೆಲ್ಲ ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಎಲ್ಲೆಲ್ಲಿಯವರೋ ಸೇರಿ ಪುಕ್ಕಟೆಯಾಗಿ ಕಟ್ಟುವುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಅದರ ಕೈಪಿಡಿಯಲ್ಲಿ ಸಾಲಿಗೊಂದು ತಪ್ಪು. ಇವಳು ಬಿಡುತ್ತಾಳೆಯೇ? ಇಡೀ ಕೈಪಿಡಿಯನ್ನು ತಿದ್ದಿ ಒಂದೇ ಏಟಿಗೆ ಕಳಿಸಿದಳು.

ಬಂದ ತಿದ್ದುಪಡಿಗಳನ್ನು ನೋಡಿ ಸೇರಿಸುವವನೊಬ್ಬನಿದ್ದ, ಮನೆಯಲ್ಲಿ ಅವನಿಗೆ ಕಂಪ್ಯೂಟರ್ ಯಜಮಾನ ಎಂದೇ ಹೆಸರು. ಅವನು ಅಷ್ಟನ್ನೂ ವಾಪಸ್ ಕಳಿಸಿದ. ನಿಮ್ಮದೇ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ತಿದ್ದಿ, ಸಲಕ್ಕೆ ಒಂದೇ ವಿಷಯ ಮುಟ್ಟಿ, ಏಕೆ ತಿದ್ದಿದಿರೆಂದು ಬರೆಯಿರಿ, ಇನ್ನೊಬ್ಬರು ನೋಡಿ ಒಪ್ಪಿದ ಮೇಲಷ್ಟೇ ಸೇರಿಸುತ್ತೇವೆ ಎಂದು ಪಾಠ ಬೇರೆ ಹೇಳಿದ್ದ.

"ಪ್ರೆಸ್ಸಲ್ಲಿ ನಾನು ಗೀಟು ಎಳೆದ್ರೆ ಮುಗೀತಿತ್ತು ರೀ. ಇಲ್ಲಿ ಯಾಕೆ ಅಂತ ಇವನಿಗೆ ಲೆಕ್ಕ ಒಪ್ಪಿಸ್ಬೇಕಂತೆ!"

ಅವತ್ತು ಅವಳು ಊಟ ಬಿಟ್ಟು ಅತ್ತಳು. ಗಂಡನಿಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಆ ಮನುಷ್ಯನ ಸುದ್ದಿ ನನ್ನ ಮುಂದೆ ಎತ್ತಬೇಡ ಎಂದ. ಅವಳು ಎತ್ತಲಿಲ್ಲ. ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕಲಿಯುತ್ತಲೇ ಹೋದಳು.

ನಿನ್ನೆ ಬೆಳಿಗ್ಗೆ ಕುರ್ಚಿಯಲ್ಲೇ ಒರಗಿದ್ದಳು. ಎಬ್ಬಿಸಲು ಹೋದವನಿಗೆ ತೆರೆಯ ಮೇಲಿನ ಸಾಲುಗಳು ಕಂಡವು: 'ಇದನ್ನು ಹೀಗೆ ಸೇರಿಸಲಾಗದು. ಯಾರಿಗಾಗಿ ಬರೆಯುತ್ತಿದ್ದೀರಿ ಎಂಬುದನ್ನೇ ಮರೆತಿದ್ದೀರಿ. ಬೇರೆ ಬರೆದು ಕಳಿಸಿ.' ಮುಟ್ಟಿದರೆ ಅವಳ ಕೈ ತಣ್ಣಗಿತ್ತು.

* * *

"ಯಾರಿಗಾಗಿ ಬರೀತಿದ್ದೀರಿ ಅಂತ ಕೇಳ್ದೆಯಲ್ಲೋ," ಎಂದ ಗಂಡ. "ಅದನ್ನ ಓದಿ ಎದೆ ಒಡ್ಕೊಂಡು ಸತ್ತಳು."

ಬಂದವನು ಏನೋ ಹೇಳಹೋಗಿ ತಡವರಿಸಿದ. "ಸರ್, ಅದು ನಾನು ಬರೆದಿದ್ದಲ್ಲ. ಅಮ್ಮ ನನಗೆ ಬರೆದಿದ್ದು."

"ಸುಳ್ಳು!"

"ಸುಳ್ಳಲ್ಲ ಭಾವ." ಶವದ ಪಕ್ಕದಲ್ಲಿದ್ದ ತಂಗಿ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಇವರಿಗೆ ಫೋನ್ ಮಾಡಿ ಕರೆಸಿದ್ದೇ ನಾನು. ಎಷ್ಟೋ ದಿನದಿಂದ ಆ ಪುಟಗಳನ್ನೆಲ್ಲ ನೋಡಿ ಒಪ್ಪೋದು ಅಕ್ಕನೇ. ಅವಳು ಹೂಂ ಅನ್ನದೆ ಇವರ ಒಂದು ಸಾಲೂ ಸೇರ್ತಿರ್ಲಿಲ್ಲ. ಸುದ್ದಿ ಎತ್ತಬೇಡ ಅಂದಿದ್ರಲ್ಲ, ನಿಮಗೆ ಹೇಗೆ ಹೇಳ್ತಾಳೆ? ಮೊನ್ನೆ ಫೋನಲ್ಲಿ ಬಿದ್ದು ಬಿದ್ದು ನಕ್ಕಳು. 'ಕಣ್ಣು ಕಾಣದವರಿಗೆ ಹಸಿರು ಗುಂಡಿ ಒತ್ತಿ ಅಂತ ಬರೆದಿದ್ದಾನೆ ಕಣೇ ನಮ್ಮ ಕಂಪ್ಯೂಟರ್ ಯಜಮಾನ, ಇರು ಮಾಡ್ತೀನಿ ಇವನಿಗೆ' ಅಂದ್ಲು."

ಅವಳು ನೊಂದು ಸಾಯಲಿಲ್ಲ ಎಂದು ಗಂಡನ ಎದೆಯ ಭಾರ ಇಳಿಯಿತು. ಆ ನಗುವಿನಲ್ಲಿ ತನಗೊಂದು ಪಾಲೂ ಸಿಗಲಿಲ್ಲ, ಅದೂ ತಾನೇ ಆಡಿದ ಮಾತಿನಿಂದ, ಎಂಬ ಸಂಕಟ ಅದರ ಬೆನ್ನಿಗೇ ಬಂತು.

"ಬೇರೆ ಬರೆದು ತಂದಿದ್ದೀನಿ," ಎಂದ ಬಂದವನು. "ವಾಪಸ್ ಕಳಿಸಿದವರೇ ಮತ್ತೆ ನೋಡ್ಬೇಕು ಸರ್. ನಮ್ಮಲ್ಲಿ ಹಾಗೆ."

"ಹೆಣದ ಮುಂದೆ ಇದೆಂಥ ಪಾರಾಯಣ!" ದೊಡ್ಡಣ್ಣ ಸಿಡುಕಿದ. "ವ್ಯಾನು ಬಂದು ನಿಂತಿದೆ. ಹೊತ್ತಾಯ್ತು, ಎತ್ರಿ."

"ಇರಲಿ ಅಣ್ಣ." ಅವನು ಪಕ್ಕಕ್ಕೆ ಸರಿದ. "ಬನ್ನಿ. ಓದಿ."

ಬಂದವನು ಅವಳ ತಲೆಯ ಬಳಿ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ಬಿಚ್ಚಿದ. ಗಂಟಲು ಸರಿಮಾಡಿಕೊಂಡು ಓದಿದ: "ಬಲಗಡೆಯ ಗುಂಡಿಯನ್ನು ಒತ್ತಿ."

"ತಡೀರಿ," ಎಂದಳು ತಂಗಿ. "ಯಾವುದರ ಬಲಗಡೆ? ನನಗೆ ತೆರೆನೇ ಇಲ್ಲ, ಅದರ ಎಡ ಬಲ ಎಲ್ಲಿಂದ ತರ್ಲಿ? ಯಾವ ಕೀ ಒತ್ತಬೇಕು, ಅದನ್ನ ಹೇಳಿ. ಇದನ್ನೂ ಅಕ್ಕ ವಾಪಸ್ ಕಳಿಸ್ತಿದ್ಲು."

ಬಂದವನ ಕಿವಿ ಕೆಂಪಾಯಿತು. ಆ ಸಾಲನ್ನು ಅಳಿಸಿ ಹೊಸದಾಗಿ ಬರೆಯತೊಡಗಿದ. ಹೊರಗೆ ವ್ಯಾನಿನವನು ಹಾರ್ನ್ ಹಾಕಿದ. ದೊಡ್ಡಣ್ಣ ಗೊಣಗಿಕೊಂಡು ಅವನಿಗೆ ಸಮಾಧಾನ ಹೇಳಲು ಹೋದ. ಗಂಡ ಬಂದು ಹೆಂಡತಿಯ ಇನ್ನೊಂದು ಪಕ್ಕದಲ್ಲಿ ಕೂತ.

"ಎಂಟರ್ ಕೀ ಒತ್ತಿ," ಬಂದವನು ನಿಧಾನವಾಗಿ ಓದಿದ. "ಸರಿಯಾಗಿ ಒತ್ತಿದ್ದರೆ 'ಆಯಿತು' ಎಂಬ ದನಿ ಕೇಳಿಸುತ್ತದೆ."

ಈ ಸಲ ತಂಗಿ ತಡೆಯಲಿಲ್ಲ. ಮೂವರೂ, ಕಣ್ಣು ಕಾಣದವಳೂ, ಮಲಗಿದ್ದವಳ ಮುಖದ ಕಡೆ ತಿರುಗಿ ಅವಳ ಹೂಂಗಾಗಿ ಕಾದರು.