ಗಟ್ಟಿಮೇಳವಿಲ್ಲದ ಮುಹೂರ್ತ

ನನ್ನ ಮದುವೆಯಲ್ಲಿ ಕಳಸ ಹಿಡಿದು ನನ್ನ ಪಕ್ಕ ನಿಲ್ಲುವವಳು ಮೈತ್ರಿಯೇ ಆಗಬೇಕು, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ನಾನು ಹಟ ಹಿಡಿದೆ. ಮದುಮಗಳ ಹಟಕ್ಕೆ ನಮ್ಮ ಮನೆಯಲ್ಲಿ ಮುಹೂರ್ತದವರೆಗೆ ಮಾತ್ರ ಬೆಲೆ. ಆಮೇಲೆ ಗಂಟಲು ಹರಿದುಕೊಂಡು ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಸಿಕ್ಕ ಅವಕಾಶ ಬಿಡಲು ನಾನೇನು ಪೆದ್ದಿಯೇ?

ಮೈತ್ರಿ ನನ್ನ ಅಕ್ಕ ಅರ್ಪಿತಳ ಮಗಳು. ಒಂಬತ್ತು ವರ್ಷ. ಅವಳಿಗೆ ಆಟಿಸಂ ಇದೆ. ಟಿವಿ ವಾರ್ತೆ ಕೇಳಿ ಕೇಳಿ ಮಾತು ಕಲಿತದ್ದರಿಂದ ಇಡೀ ಕತ್ರಿಗುಪ್ಪೆಯಲ್ಲಿ ಶುದ್ಧವಾದ ಕನ್ನಡ ಮಾತನಾಡುವವಳು ಅವಳೊಬ್ಬಳೇ. ಹಸಿವಾದರೆ ಬೇರೆ ಮಕ್ಕಳ ಹಾಗೆ ರಚ್ಚೆ ಹಿಡಿಯುವುದಿಲ್ಲ, "ಊಟದ ಸಮಯ ಸಮೀಪಿಸುತ್ತಿದೆ" ಎನ್ನುತ್ತಾಳೆ. ಯಾವುದು ಮೊದಲು, ಯಾವುದು ನಂತರ ಎಂದು ಗೊತ್ತಿದ್ದರೆ ಅವಳಷ್ಟು ಸಮಾಧಾನದ ಮಗು ಇನ್ನೊಂದಿಲ್ಲ. ಜೋರು ಸದ್ದಾದರೆ ಮಾತ್ರ ಅವಳಿಗೆ ಕಿವಿಯಲ್ಲ, ಇಡೀ ಮೈಯೇ ನೋಯುತ್ತದೆ.

ಅಂಥ ಮಗು ಹುಟ್ಟಿದ್ದು ಎಂಥ ಮನೆಯಲ್ಲಿ ನೋಡಿ! ನಮ್ಮಪ್ಪ ತಿಮ್ಮರಾಯಪ್ಪನವರ ರಾಗಿಹೊಲದ ಮೇಲೆ ಬಾಡಿಗೆ ಮನೆಗಳೆದ್ದು ಕಾಲವಾಯಿತು, ಆದರೆ ಅವರ ಗಂಟಲು ಇನ್ನೂ ಹೊಲದಲ್ಲೇ ಇದೆ. ಅವರು ಫೋನ್ ಮಾಡಿದರೆ ಆ ಕಡೆಯವರಿಗೆ ಫೋನೇ ಬೇಕಿಲ್ಲ. ಅಮ್ಮ ಹಾಲಿನವನನ್ನು ಕರೆದರೆ ಪಕ್ಕದ ರಸ್ತೆಯ ತರಕಾರಿಯವನೂ ಬಂದು ನಿಲ್ಲುತ್ತಾನೆ.

ಎರಡು ವರ್ಷದ ಹಿಂದೆ ದೊಡ್ಡಮ್ಮ ಸೀತಮ್ಮನ ಮಗನ ಮದುವೆ. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಶುರುವಾಯಿತು. ಅಪಶಬ್ದ, ಸೀನು ಯಾವುದೂ ಕೇಳಿಸಬಾರದೆಂದು ಡೋಲು ನಾಗಸ್ವರದವರು ಜೀವ ಬಿಟ್ಟು ಬಾರಿಸುತ್ತಾರಲ್ಲ, ಅದು. ಮೈತ್ರಿ ಕಿವಿ ಮುಚ್ಚಿಕೊಂಡು ಕಿರುಚುತ್ತಾ ಓಡಿ, ಪನ್ನೀರು ದಾನಿಯ ಟೇಬಲ್ಲಿನ ಕೆಳಗೆ ನುಗ್ಗಿದಳು. "ಮಗೂನ ಬೆಳ್ಸೋ ರೀತಿನಾ ಇದು?" ಎಂದು ದೊಡ್ಡಮ್ಮ ಎಲ್ಲರೆದುರು ಅಂದುಬಿಟ್ಟರು. ಅಕ್ಕ ಊಟ ಮಾಡದೆ ಮಗುವನ್ನು ಎತ್ತಿಕೊಂಡು ಆಟೋ ಹತ್ತಿದಳು. ಅಂದಿನಿಂದ ಯಾವ ಸಮಾರಂಭಕ್ಕೂ ಅವರಿಬ್ಬರೂ ಬಂದಿಲ್ಲ. ನನಗೆ ಆ ಉರಿ ಇನ್ನೂ ಆರಿಲ್ಲ.

"ನಿನ್ನ ಮದ್ವೆ ಅಂತ ಬರ್ತೀನಿ ಕಣೇ," ಅಕ್ಕ ಹೇಳಿದಳು. "ಇದೊಂದೇ ಸಲ. ಅಲ್ಲೂ ಹಂಗೇ ಆದ್ರೆ ಇನ್ಮೇಲೆ ನಮ್ಮನ್ನ ಯಾವ ಫಂಕ್ಷನ್‌ಗೂ ಕರೀಬೇಡಿ. ನನ್ ಕೈಲಿ ಆಗಲ್ಲ."

ಅಪ್ಪನಿಗೆ ಇದು ನಾಟಿತು. ಮೊಮ್ಮಗಳಿಗಾಗಿ ಗಟ್ಟಿಮೇಳವೇ ಬೇಡ ಎಂದು ತೀರ್ಮಾನಿಸಿದರು. ಗಟ್ಟಿಮೇಳವಿಲ್ಲ ಎಂದ ಮೇಲೆ ಮುಹೂರ್ತದಲ್ಲಿ ಒಬ್ಬರೂ ಕೆಮ್ಮಬಾರದು, ಸೀನಬಾರದು, ಪಿಸುಗುಡಬಾರದು. ಅಪ್ಪ ಟೆರೇಸ್ ಹತ್ತಿ ನೆಂಟರಿಗೆಲ್ಲ ಫೋನ್ ಮಾಡತೊಡಗಿದರು.

"ಸದ್ದು ಮಾಡ್ಬಾರ್ದು! ಏನೂ? ಕೇಳಿಸ್ತಿಲ್ವಾ? ಸದ್ದು ಮಾಡ್ಬಾರ್ದು ಅಂದೇ ಕಣಯ್ಯಾ!"

ಎದುರು ಮನೆಯವರು ಮಿಕ್ಸಿ ನಿಲ್ಲಿಸಿದರು.

ತಯಾರಿ ಕೇಳಬೇಡಿ. ಚಪ್ಪಾಳೆಯ ಬದಲು ಎಲ್ಲರೂ ಕೈ ಬೀಸಬೇಕೆಂದಾಯಿತು. ನಶ್ಯ ಸೇದುವ ಚಿಕ್ಕಬೈರಪ್ಪ ಮಾವನಿಗೆ ಛತ್ರದ ಗೇಟಿನ ಪಕ್ಕ, ಬೈಕುಗಳ ನಡುವೆ ಕುರ್ಚಿ ಹಾಕಿದರು. ಅಡುಗೆಯವರಿಗೆ ಒಗ್ಗರಣೆ ನಿಷೇಧ. ಪುರೋಹಿತ ಬದರಿನಾಥ ಶಾಸ್ತ್ರಿಗಳಿಗೆ ಮಂತ್ರವನ್ನು ಮೆಲ್ಲಗೆ ಹೇಳಲು ವಿನಂತಿ. ನಾನು ಮದುವೆಯಾಗಲಿದ್ದ ದೀಪಕ್ ಬಿಟಿಎಂ ಲೇಔಟಿನಿಂದ ಫೋನ್ ಮಾಡಿ, "ನಾನು ಉಸಿರಾಡ್ಬಹುದಾ?" ಎಂದು ಕೇಳಿದ. ಮುಹೂರ್ತದ ತನಕ ಮಾತ್ರ ಎಂದೆ.

ಓಲಗದ ಬೋರಣ್ಣನಿಗೆ ಮಾತ್ರ ಅವಮಾನವಾಯಿತು.

"ತಾಳಿ ಹೊತ್ನಲ್ಲಿ ಊದ್ಬಾರ್ದು ಅಂದ್ರೆ ನಾವ್ ಯಾಕ್ ಬರ್ಬೇಕು ಸಾರ್?"

"ಊಟಕ್ ಬನ್ನಿ. ಮುಹೂರ್ತದಲ್ಲಿ ನಿಮಗೇ ಮೊದಲ್ನೇ ಪಂಕ್ತಿ," ಎಂದರು ಅಪ್ಪ.

ಮದುವೆ ದಿನ ಮೈತ್ರಿ ಹಸಿರು ರೇಷ್ಮೆ ಲಂಗ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು, ಕಿವಿಗೆ ದೊಡ್ಡ ನೀಲಿ ಹೆಡ್‌ಫೋನ್ ಹಾಕಿಕೊಂಡು ಕಳಸ ಹಿಡಿದು ನಿಂತಳು. ಎಷ್ಟು ಚೆಂದ ಕಂಡಳೆಂದರೆ ನನಗೆ ಅಳು ಬಂತು, ಮೇಕಪ್ಪಿನವಳು ಬೈದಳು. ಕನ್ಯಾದಾನ ಮುಗಿದಾಗ ಮುನ್ನೂರು ಜನ ಒಟ್ಟಿಗೆ ಕೈ ಬೀಸಿದರು. ಗಂಡಿನ ಕಡೆಯ ಒಂದು ಸಂಸಾರ ಟಾಟಾ ಮಾಡುತ್ತಿದ್ದಾರೆಂದು ತಿಳಿದು ಎದ್ದು ಹೊರಟೇಬಿಟ್ಟಿತು.

ಮುಹೂರ್ತ ಬಂತು. ಬೋರಣ್ಣನ ತಂಡ ಕೆಳಗೆ ಊಟಕ್ಕೆ ಕೂತಿತ್ತು. ಛತ್ರದಲ್ಲಿ ಫ್ಯಾನಿನ ಕಿರಕಿರ ಬಿಟ್ಟರೆ ಏನೂ ಇಲ್ಲ. ಅಕ್ಷತೆ ಹಿಡಿದ ಮುನ್ನೂರು ಜನ ಉಸಿರು ಬಿಗಿಹಿಡಿದಿದ್ದರು. ದೂರದ ಗೇಟಿನಿಂದ ಚಿಕ್ಕಬೈರಪ್ಪ ಮಾವನ ಸೀನು ಒಂದು ಬಂತು. ಶಾಸ್ತ್ರಿಗಳು ಅದನ್ನು ಕೇಳಿಸಿಕೊಳ್ಳಲಿಲ್ಲವೆಂದು ತೀರ್ಮಾನಿಸಿ ತಾಳಿಯನ್ನು ದೀಪಕ್ ಕೈಗೆ ಕೊಟ್ಟರು. ಅವನು ನನ್ನ ಕಡೆ ಬಾಗಿದ.

ನಮ್ಮಿಬ್ಬರ ನಡುವೆ ತೆಂಗಿನಕಾಯಿ ಸಮೇತ ಕಳಸ ಬಂದು ನಿಂತಿತು.

"ಇನ್ನೂ ಕಟ್ಟಬಾರದು," ಎಂದಳು ಮೈತ್ರಿ. "ಗಟ್ಟಿಮೇಳ ಆಗಿಲ್ಲ."

"ಪುಟ್ಟಿ, ಇವತ್ತು ಗಟ್ಟಿಮೇಳ ಇಲ್ಲ," ನಾನು ಪಿಸುಗುಟ್ಟಿದೆ.

"ಗಟ್ಟಿಮೇಳ. ಗಟ್ಟಿಮೇಳ. ಗಟ್ಟಿಮೇಳ." ಅವಳು ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು. ಕಳಸದ ನೀರು ದೀಪಕ್ ಪಂಚೆಯ ಮೇಲೆ ಚೆಲ್ಲಿತು. ಅವನು ಪಾಪ, ತಾಳಿ ಹಿಡಿದುಕೊಂಡು ಹಾಗೇ ಬಾಗಿ ನಿಂತಿದ್ದ. ಶಾಸ್ತ್ರಿಗಳು ಗಡಿಯಾರ ತೋರಿಸಿ ಕಣ್ಣಲ್ಲೇ ಒದ್ದಾಡುತ್ತಿದ್ದರು.

ಮುಂದಿನ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. ಬ್ಯಾಗು ಆಗಲೇ ಹೆಗಲಿಗೇರಿತ್ತು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ ಮಗಳ ಕಡೆ ಬರತೊಡಗಿದಳು. ಅವಳೀಗ ಮೆಟ್ಟಿಲಿಳಿದು ಹೋದರೆ ಮತ್ತೆಂದೂ ಬರುವುದಿಲ್ಲ.

ಅಪ್ಪ ಅವಳಿಗೆ ಅಡ್ಡ ಕೈ ಹಿಡಿದರು. ಆಮೇಲೆ ಮಂಟಪದ ಮೇಲೆ ಮೈತ್ರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹುಟ್ಟಿದಾಗಿನಿಂದ ಎಂದೂ ಬಳಸದ ಮೆಲುದನಿಯಲ್ಲಿ ಕೇಳಿದರು. "ಏನಾಗ್ಬೇಕು ಹೇಳು ತಾಯಿ."

ತೂಗುವುದು ಸ್ವಲ್ಪ ನಿಂತಿತು. "ಮೊದಲು ಗಟ್ಟಿಮೇಳ. ನಂತರ ತಾಳಿ. ನಂತರ ಅಕ್ಷತೆ. ನಂತರ ಊಟ. ಅಮ್ಮ ವೀಡಿಯೋ ತೋರಿಸಿದ್ದಾಳೆ."

"ಸದ್ದಾಗುತ್ತಲ್ಲವ್ವಾ? ನಿಂಗೆ ನೋವಾಗುತ್ತೆ."

"ಅದಕ್ಕೆ ಹೆಡ್‌ಫೋನ್ ಇದೆ. ಆರಂಭಿಸುವ ಮೊದಲು ಕೈ ಎತ್ತಿ ತಿಳಿಸಬೇಕು. ಆಗ ನಾನು ಸಿದ್ಧಳಾಗುತ್ತೇನೆ."

"ಅಷ್ಟೇನಾ? ಅಯ್ಯೋ ನನ್ ಕಂದಾ, ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ಯಾರೂ ನನ್ನನ್ನು ಕೇಳಲಿಲ್ಲ," ಎಂದಳು ಮೈತ್ರಿ.

ಅದರಲ್ಲಿ ದೂರಿರಲಿಲ್ಲ. ವಾರ್ತೆ ಓದಿದ ಹಾಗೆ ಹೇಳಿದಳು, ಅಷ್ಟೇ. ಅಡುಗೆಯವರನ್ನು ಕೇಳಿದ್ದೆವು, ಶಾಸ್ತ್ರಿಗಳನ್ನು ಕೇಳಿದ್ದೆವು, ಛತ್ರದ ಮ್ಯಾನೇಜರನ್ನೂ ಕೇಳಿದ್ದೆವು. ಅಕ್ಕ ಇದ್ದಲ್ಲೇ ನಿಂತುಬಿಟ್ಟಳು.

"ಬೋರಣ್ಣಾ!" ಎಂದು ಕೂಗಲು ಅಪ್ಪ ಬಾಯಿ ತೆರೆದು, ತಕ್ಷಣ ಕೈ ಎತ್ತಿ ಮೊಮ್ಮಗಳ ಮುಖ ನೋಡಿದರು. ಅವಳು ಹೆಡ್‌ಫೋನನ್ನು ಎರಡೂ ಕಡೆ ಒತ್ತಿಕೊಂಡು ತಲೆಯಾಡಿಸಿದ ಮೇಲೇ ಕೂಗಿದರು. ಕೆಳಗಿನಿಂದ ಉತ್ತರ ಬಂತು. "ಬಾಯ್ತುಂಬ ಹೋಳ್ಗೆ ಐತೆ ಸಾರ್! ಡೋಲು ವ್ಯಾನಲ್ಲೈತೆ! ಡ್ರೈವರ್ರು ಟೀಗೆ ಹೋಗವ್ನೆ!"

"ಇನ್ನೆರಡೇ ನಿಮಿಷ!" ಶಾಸ್ತ್ರಿಗಳು ಮೌನವ್ರತ ಮುರಿದರು.

ಅಪ್ಪ ಎತ್ತಿದ ಕೈ ಇಳಿಸದೆ ಮುನ್ನೂರು ಜನರ ಕಡೆ ತಿರುಗಿದರು. "ಏನ್ ನೋಡ್ತಾ ಕೂತಿದ್ದೀರ? ಬಾಯಿಲ್ವಾ ನಿಮ್ಗೆ? ಬಾರ್ಸ್ರೀ!"

ಬೆಳಗಿನಿಂದ ಬಾಯಿ ಕಟ್ಟಿಕೊಂಡು ಕೂತಿದ್ದ ನಮ್ಮ ಕುಲ ಅದು. ಅಬ್ಬಬ್ಬಾ! ಒಬ್ಬರು ಡುಂ ಡುಂ, ಒಬ್ಬರು ಪೀಂ ಪೀಂ. ಅಮ್ಮ ಆರತಿ ತಟ್ಟೆಗೆ ಸೌಟಿನಿಂದ ಬಡಿದರು. ದೊಡ್ಡಮ್ಮ ಸೀತಮ್ಮ ಮೂಗು ಹಿಡಿದುಕೊಂಡು ಊದಿದ ನಾಗಸ್ವರ ಕೇಳಿ ಬೋರಣ್ಣ ಎಂಜಲು ಕೈಯಲ್ಲೇ ಓಡಿ ಬಂದ. ಗೇಟಿನಲ್ಲಿ ಚಿಕ್ಕಬೈರಪ್ಪ ಮಾವ ಬೈಕಿನ ಹಾರನ್ ಒತ್ತಿಹಿಡಿದು ಮನಸಾರೆ ಸೀನಿದರು. ಈ ಎಲ್ಲದರ ನಡುವೆ ಮೈತ್ರಿ ಕಣ್ಣು ಬಿಗಿಯಾಗಿ ಮುಚ್ಚಿ, ಭುಜ ಕಿವಿಯ ತನಕ ಎತ್ತಿ, ಕಳಸ ಅಪ್ಪಿಕೊಂಡು ನಿಂತಳು. ಕಷ್ಟವಾಗುತ್ತಿತ್ತು, ನನಗೆ ಕಾಣುತ್ತಿತ್ತು. ಆದರೂ ಜಾಗ ಬಿಡಲಿಲ್ಲ.

"ಈಗ ಕಟ್ಟಿ," ಎಂದಳು. ದೀಪಕ್ ಕಟ್ಟಿದ.

ಅಪ್ಪ ಕೈ ಇಳಿಸಿದರು, ಸದ್ದು ನಿಂತಿತು. "ಅಕ್ಷತೆ," ಎಂದು ಮೈತ್ರಿ ಘೋಷಿಸಿದಳು. ಜನ ಪಾಲಿಸಿದರು.

ಊಟದ ಹಾಲ್‌ನಲ್ಲಿ ಅಕ್ಕ ಎರಡು ವರ್ಷದ ಮೇಲೆ ನೆಂಟರ ಸಾಲಿನಲ್ಲಿ ಕೂತು ಎಲೆ ಹಾಕಿಸಿಕೊಂಡಳು. ಮೈತ್ರಿ ಪಕ್ಕದಲ್ಲಿ ಹಪ್ಪಳವನ್ನು ಸದ್ದಾಗದಂತೆ ಸಾರಿನಲ್ಲಿ ನೆನೆಸುತ್ತಿದ್ದಳು. ದೊಡ್ಡಮ್ಮ ಸೆರಗು ತಿರುವುತ್ತಾ ಬಂದು ಎದುರು ನಿಂತರು.

"ಅರ್ಪಿತಾ, ಬರೋ ತಿಂಗ್ಳು ನಮ್ಮನೇಲಿ ನಾಮಕರಣ ಕಣಮ್ಮ. ಮಗೂನ ಕರ್ಕೊಂಡ್ ಬರ್ತೀಯಾ?"

ಅಕ್ಕ ತಲೆ ಎತ್ತಿದಳು. ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ.

"ನನ್ನನ್ಯಾಕೆ ಕೇಳ್ತೀರ ದೊಡ್ಡಮ್ಮ?" ಎಂದಳು. "ಅವಳು ಇಲ್ಲೇ ಕೂತಿದ್ದಾಳಲ್ಲ. ಅವಳನ್ನೇ ಕೇಳಿ."

ದೊಡ್ಡಮ್ಮ ರೇಷ್ಮೆ ಸೀರೆ ಸಮೇತ ನೆಲದ ಮೇಲೆ ಕೂತು, ಕೇಳುವ ಮೊದಲು ಮೈತ್ರಿಯ ಮುಖದ ಮುಂದೆ ಕೈ ಎತ್ತಿದರು.